ಹೊಗೆಸೊಪ್ಪಿನ ಪರೀಕ್ಷೆ: ಬಿಜಾಪುರದಿಂದ ಶ್ರೀಕಾಕುಳದವರೆಗೆ

‘ಹೊಗೆಸೊಪ್ಪು’ ಎಂಬ ಮಾತನ್ನು ಬಿಡಿಸಿ ನೋಡಿದರೆ ಹೊಗೆ ಎಂದೂ ಸೊಪ್ಪು ಎಂದೂ ಎರಡು ತಿಳಿಗನ್ನಡ ಪದಗಳು ದೊರೆಯುತ್ತವೆ. ನೆರೆಯ ತೆಲುಗರು ಇದನ್ನು ಪೊಗಾಕು ಎನ್ನುತ್ತಾರೆ. ತಮಿಳರು ಪುಗೈಯಿಲೈ ಎನ್ನುತ್ತಾರೆ. ಮೂರರ ಅರ್ಥವೂ ಒಂದೇ. ಇಷ್ಟು ಸಹಜವಾದ ಹೆಸರನ್ನು ಕೇಳಿದವರು ಈ ಗಿಡವು ಅನಾದಿಯಿಂದಲೂ ನಮ್ಮ ಎರೆಹೊಲಗಳಲ್ಲಿ ಬೆಳೆದುಬಂದುದೆಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಇದು ನಮ್ಮ ನಾಡಿನ ಗಿಡವಲ್ಲ. ಅಮೆರಿಕ ಖಂಡದ ಮೂಲನಿವಾಸಿಗಳ ಬಳಕೆಯಲ್ಲಿದ್ದ ಈ ಎಲೆಯನ್ನು 1492ರಲ್ಲಿ ಕೊಲಂಬಸನ ಸಂಗಡಿಗರು ಕಂಡರು. ಅಲ್ಲಿಂದ ಸುಮಾರು ನೂರು ವರ್ಷಗಳೊಳಗಾಗಿ ಪೋರ್ತುಗೀಜರ ಹಡಗುಗಳು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದಿಳಿಸಿದವು. ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಕಡೆ ನಮ್ಮವರ ಬಾಯಲ್ಲಿ ಹೊಗೆಸೊಪ್ಪು ಎಂಬುದಕ್ಕಿಂತ ತಂಬಾಕು ಎಂಬುದೇ ಹೆಚ್ಚು. ಆ ಮಾತಿನಲ್ಲಿ ಹಳೆಯ ಪರದೇಶೀ ಹೆಸರು ಇನ್ನೂ ಉಳಿದುಕೊಂಡಿದೆ. ಸೇದದೆ ಬರಿದೆ ಜಗಿಯುವವನೂ ಅದನ್ನು ಹೊಗೆಸೊಪ್ಪೆಂದೇ ಕರೆಯುವುದು ಒಂದು ವಿನೋದ.

ಈ ಸೊಪ್ಪು ಉತ್ತರ ಹಿಂದೂಸ್ಥಾನದ ಅರಮನೆಯನ್ನು ಹೊಕ್ಕ ಕಥೆಯು ಕನ್ನಡ ನಾಡಿನಿಂದಲೇ ಆರಂಭವಾಗುತ್ತದೆ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿದಿರಲಾರದು. ಎರಡನೆಯ ಇಬ್ರಾಹಿಂ ಆದಿಲಶಹನು ಬಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ಆಳುತ್ತಿದ್ದ ಕಾಲ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯೂ ಆಗ ಆ ಸುಲ್ತಾನರ ವಶದಲ್ಲಿತ್ತು. ಆ ಆಸ್ಥಾನಕ್ಕೆ ಅಕ್ಬರನ ದೂತನಾಗಿ ಬಂದಿದ್ದ ಅಸದ್ ಬೇಗನೆಂಬವನು ಬಿಜಾಪುರದಲ್ಲಿ ತಂಬಾಕನ್ನು ಕಂಡನು. ತಾನು ಹಿಂದೆಂದೂ ನೋಡಿರದ ಆ ವಸ್ತುವನ್ನು ಕೊಂಡು, ರತ್ನಖಚಿತವಾದ ಒಂದು ಕೊಳವೆಯನ್ನೂ ಸಿದ್ಧಪಡಿಸಿಕೊಂಡು, ಸುಮಾರು 1604ರ ಹೊತ್ತಿಗೆ ಆಗ್ರಾಕ್ಕೆ ಹಿಂದಿರುಗಿ ಬಾದಶಹನ ಮುಂದಿರಿಸಿದನು. ಮುಂದೆ ನಡೆದುದನ್ನು ಅವನೇ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಅಕ್ಬರನು ಕುತೂಹಲದಿಂದ ಎರಡು ಮೂರು ಬಾರಿ ಸೇದಿದನು. ಬಳಿಯಲ್ಲಿದ್ದ ಹಕೀಮನು ಗಾಬರಿಗೊಂಡು, ಸಾಕು, ಇನ್ನು ಬೇಡವೆಂದು ತಡೆದನು. ತಮ್ಮ ವೈದ್ಯರಾರೂ ಈ ವಸ್ತುವನ್ನು ಕುರಿತು ಬರೆದಿಲ್ಲ, ಇದು ಪರೀಕ್ಷೆಗೊಳಗಾಗದ ಔಷಧ, ಗುಣವರಿಯದ ವಸ್ತುವನ್ನು ಹೇಗೆ ಒಪ್ಪುವುದು ಎಂಬುದು ಹಕೀಮನ ವಾದ. ಅಸದ್ ಬೇಗನಾದರೋ, ಫಿರಂಗಿಯವರಲ್ಲಿಯೂ ಬಲ್ಲವರಿದ್ದಾರೆ, ಲೋಕದ ಪ್ರತಿಯೊಂದು ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು, ಪರೀಕ್ಷಿಸದೆ ನಿಂದಿಸುವುದು ಸರಿಯಲ್ಲ ಎಂದು ಪ್ರತಿವಾದ ಹೂಡಿದನು. ಬಾದಶಹನು ಅವನ ಮಾತಿನ ಜಾಣ್ಮೆಯನ್ನು ಮೆಚ್ಚಿದನು. ಆದರೆ ತಾನು ಆ ಅಭ್ಯಾಸಕ್ಕೆ ಬೀಳಲಿಲ್ಲ. ಅಮೀರರು ಮಾತ್ರ ಬಿದ್ದರು. ಕೆಲಕಾಲದಲ್ಲಿಯೇ ವರ್ತಕರು ತಂಬಾಕನ್ನು ಮಾರತೊಡಗಿದರು.

ಈ ಚರ್ಚೆಯಲ್ಲಿ ನನ್ನ ಗಮನವನ್ನು ಸೆಳೆದುದು ಒಂದು ಸಂಗತಿ. ಎದುರಾಳಿಗಳಿಬ್ಬರೂ ‘ಪರೀಕ್ಷೆ’ ಎಂಬ ಒಂದೇ ಮಾತನ್ನು ಆಶ್ರಯಿಸಿದರು. ಪರೀಕ್ಷೆಯಾಗಿಲ್ಲ, ಆದ್ದರಿಂದ ಬೇಡವೆಂದನು ಒಬ್ಬನು. ಪರೀಕ್ಷೆಯಾಗಿಲ್ಲ, ಆದ್ದರಿಂದ ನಿಂದಿಸಬೇಡವೆಂದನು ಇನ್ನೊಬ್ಬನು. ಆ ಪರೀಕ್ಷೆಯನ್ನು ಹೇಗೆ ಮಾಡುವುದೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಅದು ತಿಳಿಯಲು ಮೂರೂವರೆ ಶತಮಾನ ಹಿಡಿಯಿತು.

ಇಷ್ಟು ತಡವೇಕಾಯಿತೆಂಬುದನ್ನು ಮನೆಯ ಉದಾಹರಣೆಯಿಂದಲೇ ಹೇಳುತ್ತೇನೆ. ನನ್ನ ಅಜ್ಜಿಯು ಅಂಗೈಯಲ್ಲಿ ತಂಬಾಕನ್ನೂ ಸುಣ್ಣವನ್ನೂ ಹಾಕಿ ಹೆಬ್ಬೆರಳಿನಿಂದ ತಿಕ್ಕಿ ಎಡಗೆನ್ನೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಹರೆಯದಲ್ಲಿ ಕಳೆ ಕೀಳಲು ಹೋದಾಗ ಹತ್ತಿದ ಅಭ್ಯಾಸ. ಅಂಗಡಿಯಿಂದ ಅದನ್ನು ತಂದುಕೊಡುವ ಕೆಲಸ ಮೊಮ್ಮಕ್ಕಳದು. ಉಳಿದ ಚಿಲ್ಲರೆ ನಮ್ಮದು. ನಾನು ಐದನೆಯ ತರಗತಿಯಲ್ಲಿದ್ದಾಗ ಅವಳಿಗೆ ಜೋಳದ ರೊಟ್ಟಿ ಅಗಿಯಲಾಗದೆ ಹೋಯಿತು. ಹಲ್ಲಿನ ಬೇನೆಯೆಂದುಕೊಂಡು ಮನೆಯವರು ಲವಂಗವಿಟ್ಟರು. ಮುಂದೆ ಬಾಯಿ ತೆರೆಯುವುದೇ ಕಷ್ಟವಾಗಿ, ಅಂಬಲಿಯ ಮೇಲೆ ಕೆಲವು ತಿಂಗಳು ಬದುಕಿ ತೀರಿಕೊಂಡಳು. ಹುಣ್ಣಾದುದು ಎಡಗೆನ್ನೆಯಲ್ಲಿಯೇ. ಆದರೂ ಮನೆಯಲ್ಲಿ ಒಬ್ಬರೂ ತಂಬಾಕಿನ ಹೆಸರೆತ್ತಲಿಲ್ಲ. ಎತ್ತಲು ಕಾರಣವೂ ಅವರಿಗೆ ತೋರಲಿಲ್ಲ. ಏಕೆಂದರೆ ನಲವತ್ತು ವರ್ಷ ಏನೂ ಮಾಡದ ವಸ್ತು ಒಮ್ಮಿಂದೊಮ್ಮೆ ಏಕೆ ಕೆಡಿಸೀತು? ಮೇಲಾಗಿ ನಮ್ಮ ಓಣಿಯಲ್ಲಿಯೇ ದಿನವೆಲ್ಲ ಚುಟ್ಟಾ ಸೇದುತ್ತಿದ್ದ ಒಬ್ಬ ಹಿರಿಯರು ಎಂಬತ್ತೈದು ದಾಟಿ ಗಟ್ಟಿಮುಟ್ಟಾಗಿದ್ದರು. ಯಾರಾದರೂ ತಂಬಾಕು ಕೆಟ್ಟದ್ದೆಂದರೆ ಸಾಕು, ಎಲ್ಲರೂ ಅವರ ಕಡೆ ಕೈ ತೋರಿಸುತ್ತಿದ್ದರು.

ಚೇಳು ಕುಟುಕಿದರೆ ಗಳಿಗೆಯಲ್ಲಿ ತಿಳಿಯುತ್ತದೆ. ತಂಬಾಕಿನ ವಿಷಯದಲ್ಲಿ ಕಾರಣಕ್ಕೂ ಕಾರ್ಯಕ್ಕೂ ನಡುವೆ ಮೂವತ್ತು ನಲವತ್ತು ವರ್ಷಗಳ ಅಂತರ. ಅದೂ ಎಲ್ಲರಿಗೂ ಆಗುವುದಿಲ್ಲ. ಇಂತಹ ಹಾನಿಯನ್ನು ಒಬ್ಬ ಹಕೀಮನ ಕಣ್ಣು ಕಾಣಲಾರದು. ಸಾವಿರಾರು ಜನರ ಹೆಸರುಗಳನ್ನು ಬರೆದಿಟ್ಟು, ಯಾರು ಬಳಸುವವರು, ಯಾರು ಬಳಸದವರು ಎಂದು ಮೊದಲೇ ಗುರುತಿಸಿ, ವರ್ಷಗಟ್ಟಲೆ ಅವರ ಬೆನ್ನುಹತ್ತಿ ನಡೆದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಒಂದು ರೀತಿಯಲ್ಲಿ ಇದು ನಾವು ಶಿಕ್ಷಕರು ದಿನವೂ ಬರೆಯುವ ಹಾಜರಿ ಪುಸ್ತಕದ ಕೆಲಸ. ಒಂದು ದಿನದ ಹಾಜರಿಯಿಂದ ಯಾವ ಹುಡುಗನ ವಿಷಯವೂ ತಿಳಿಯದು. ವರ್ಷದ ಪುಸ್ತಕವನ್ನು ತೆರೆದಿಟ್ಟರೆ ಎಲ್ಲವೂ ತಾನಾಗಿ ಹೇಳಿಕೊಳ್ಳುತ್ತದೆ.

ಪರೀಕ್ಷೆಗೆ ಮೊದಲು ಅಪ್ಪಣೆಗಳು ಬಂದವು. ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸನು 1604ರಲ್ಲಿಯೇ ತಂಬಾಕನ್ನು ಹಳಿದು ಒಂದು ಪುಸ್ತಕವನ್ನು ಬರೆದನು. ಅದರ ಮೇಲಿನ ಸುಂಕವನ್ನೂ ಬಹಳವಾಗಿ ಏರಿಸಿದನು. ಜಹಾಂಗೀರನು 1617ರಲ್ಲಿ ತನ್ನ ರಾಜ್ಯದಲ್ಲಿ ಯಾರೂ ತಂಬಾಕು ಸೇದಕೂಡದೆಂದು ಆಜ್ಞೆ ಹೊರಡಿಸಿದನು. ಆಜ್ಞೆಗಳು ಕಾಗದದಲ್ಲಿ ಉಳಿದವು, ಹುಕ್ಕಾಗಳು ಮನೆಮನೆಯಲ್ಲಿ ಉಳಿದವು. ಕೆಡುಕೆಂದು ತೋರಿಸಿಕೊಡದೆ ಕೆಡುಕೆಂದು ಸಾರಿದರೆ ಜನ ಒಪ್ಪುವುದಿಲ್ಲವಷ್ಟೆ.

ಅಲ್ಲಲ್ಲಿ ಸೂಕ್ಷ್ಮದೃಷ್ಟಿಯ ವೈದ್ಯರು ಒಂದೊಂದು ಎಳೆಯನ್ನು ಕಂಡರು. ಲಂಡನ್ನಿನ ಜಾನ್ ಹಿಲ್ ಎಂಬವರು 1761ರಲ್ಲಿ ನಸ್ಯ ಏರಿಸುವವರ ಮೂಗಿನಲ್ಲಿ ಕಂಡ ಗಂತಿಗಳನ್ನು ಕುರಿತು ಎಚ್ಚರಿಸಿದರು. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೋಸೆಲ್ಟ್ ಮತ್ತು ರೈಮನ್ ಎಂಬ ಇಬ್ಬರು ಎಲೆಯಿಂದ ನಿಕೋಟಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಬಿಡಬೇಕೆಂದವನನ್ನೂ ಬಿಡಗೊಡದ ವಸ್ತು ಅದೇ. ನಮ್ಮ ದೇಶದಲ್ಲಿ, ದಕ್ಷಿಣ ತಿರುವಾಂಕೂರಿನ ನೆಯ್ಯೂರಿನಲ್ಲಿದ್ದ ಓರ್ ಎಂಬ ವೈದ್ಯರು ಎಲೆಯಡಿಕೆ ಮೆಲ್ಲುವವರ ಬಾಯಿಯ ಅರ್ಬುದ ರೋಗವನ್ನು, ಎಂದರೆ ಕ್ಯಾನ್ಸರನ್ನು, ಕುರಿತು 1933ರಲ್ಲಿ ಬರೆದರು. ತಾಂಬೂಲದ ಉಂಡೆಯನ್ನು ಒತ್ತಿ ಇಟ್ಟುಕೊಳ್ಳುವ ಎಡೆಯಲ್ಲಿಯೇ ಹುಣ್ಣು ಏಳುವುದನ್ನು ಅವರು ಗಮನಿಸಿದ್ದರು. ನನ್ನ ಅಜ್ಜಿಯ ಎಡಗೆನ್ನೆಯ ವಿಷಯ ನಮ್ಮ ಮನೆಗೆ ತಿಳಿಯುವುದಕ್ಕೆ ಬಹು ಹಿಂದೆಯೇ ಅಚ್ಚಾಗಿಹೋಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆದರೆ ಇವೆಲ್ಲ ರೋಗಿಗಳನ್ನು ಮಾತ್ರ ಕಂಡು ಆಡಿದ ಮಾತುಗಳು. ದೊಡ್ಡ ಪರೀಕ್ಷೆ ನಡೆದುದು ಇಂಗ್ಲೆಂಡಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಿಗರೇಟು ಸುತ್ತುವ ಯಂತ್ರ ಬಂದಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಅನ್ನದೊಡನೆ ಸಿಗರೇಟನ್ನೂ ಹಂಚಿದರು. ಅದಾದ ಕೆಲವು ದಶಕಗಳಲ್ಲಿ, ಹಿಂದೆ ವಿರಳವಾಗಿದ್ದ ಶ್ವಾಸಕೋಶದ ಕ್ಯಾನ್ಸರು ವರ್ಷವರ್ಷಕ್ಕೆ ಏರತೊಡಗಿತು. ಕಾರಣವನ್ನು ಹುಡುಕಲು ನೇಮಕಗೊಂಡವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಮತ್ತು ರಿಚರ್ಡ್ ಡಾಲ್. ಹಿಲ್ ಅವರು ವೈದ್ಯರಲ್ಲ. ಯುದ್ಧಕಾಲದಲ್ಲಿ ಕ್ಷಯಕ್ಕೆ ತುತ್ತಾಗಿ ವೈದ್ಯವಿದ್ಯೆಯ ಆಸೆಯನ್ನು ಕೈಬಿಟ್ಟು, ಅಂಚೆಯ ಮೂಲಕ ಅರ್ಥಶಾಸ್ತ್ರ ಕಲಿತು ಪದವಿ ಪಡೆದು, ಅಂಕಿಸಂಖ್ಯೆಗಳ ದಾರಿಯಿಂದ ವೈದ್ಯರಿಗೇ ಗುರುವಾದವರು. ಅಂಚೆಯ ಶಿಕ್ಷಣದಿಂದ ಮೇಲೆ ಬಂದ ನಮ್ಮ ಎಷ್ಟೋ ಮಂದಿ ಶಿಕ್ಷಕರಿಗೆ ಇದು ಮೆಚ್ಚುಗೆಯಾದೀತು.

ಅವರು ಲಂಡನ್ನಿನ 20 ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರಾದವರನ್ನೂ, ಅದೇ ವಯಸ್ಸಿನ ಬೇರೆ ರೋಗಿಗಳನ್ನೂ ಒಂದೇ ಬಗೆಯ ಪ್ರಶ್ನೆಗಳಿಂದ ವಿಚಾರಿಸಿದರು. ರಸ್ತೆಗೆ ಹಾಕುವ ಟಾರು ಕಾರಣವಿರಬಹುದೆಂದು ಡಾಲ್ ಅವರು ಮೊದಲು ಊಹಿಸಿದ್ದರಂತೆ. ಉತ್ತರಗಳನ್ನು ಎಣಿಸಿದಾಗ, ಕ್ಯಾನ್ಸರಾದ 649 ಗಂಡಸರಲ್ಲಿ ಎಂದೂ ಸೇದದಿದ್ದವರು ಇಬ್ಬರೇ. ಅಷ್ಟೇ ಸಂಖ್ಯೆಯ ಬೇರೆ ರೋಗಿಗಳಲ್ಲಿ 27 ಮಂದಿ. ಇದನ್ನು 1950ರಲ್ಲಿ ಪ್ರಕಟಿಸಿದರು. ಆ ಎಣಿಕೆಯ ನಡುವೆಯೇ ಡಾಲ್ ತಾವು ಸೇದುವುದನ್ನು ಬಿಟ್ಟರು. ಅದೇ ವರ್ಷ ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ ಎಂಬವರು ಇದೇ ನಿರ್ಣಯಕ್ಕೆ ಬಂದರು. ಇವರಲ್ಲಿ ಗ್ರಹಾಂ ಹೆಸರಾಂತ ಶಸ್ತ್ರವೈದ್ಯರು, ದೀರ್ಘಕಾಲ ಸಿಗರೇಟು ಸೇದಿದವರು. ಬಿಟ್ಟರೂ ಹೊತ್ತು ಮೀರಿತ್ತು. 1957ರಲ್ಲಿ ಆ ರೋಗದಿಂದಲೇ ಮಡಿದರು.

ಜನ ನಂಬಲಿಲ್ಲ. ರೋಗಿಯು ತನ್ನ ಹಿಂದಿನದನ್ನು ನೆನಪಿಸಿಕೊಂಡು ಹೇಳುವಾಗ ತಪ್ಪಬಹುದಲ್ಲವೆ ಎಂಬ ಆಕ್ಷೇಪ ಬಂದಿತು; ಅದು ನ್ಯಾಯವಾದ ಆಕ್ಷೇಪವೂ ಹೌದು. ಆಗ ಹಿಲ್ ಅವರು ಆರೋಗ್ಯವಂತರಿಂದಲೇ ಆರಂಭಿಸಲು ನಿಶ್ಚಯಿಸಿದರು. 1951ರ ಅಕ್ಟೋಬರದ ಕೊನೆಯಲ್ಲಿ ಬ್ರಿಟನ್ನಿನ ವೈದ್ಯರೆಲ್ಲರಿಗೂ ಒಂದೊಂದು ಕಾಗದ ಹೋಯಿತು. ಪ್ರಶ್ನೆಗಳು ಕೆಲವೇ: ನೀವು ಸೇದುತ್ತೀರಾ, ಹಿಂದೆ ಸೇದಿ ಬಿಟ್ಟಿದ್ದೀರಾ, ಎಷ್ಟು? ನಲವತ್ತು ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳಲ್ಲಿ 34,439 ಗಂಡಸರವು. ವೈದ್ಯರನ್ನೇ ಆರಿಸಿದುದರಲ್ಲಿ ಒಂದು ಜಾಣತನವಿತ್ತು. ಅವರ ಹೆಸರುಗಳು ವೃತ್ತಿಯ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಆದಕಾರಣ ಯಾರು ಎಲ್ಲಿಗೆ ಹೋದರು, ಯಾರು ಯಾವಾಗ ತೀರಿಕೊಂಡರು ಎಂಬುದು ತಪ್ಪಿಹೋಗುವುದಿಲ್ಲ. ಎರಡೂವರೆ ವರ್ಷ ತುಂಬುವುದರೊಳಗೆ 789 ಮರಣಗಳು ದಾಖಲಾದವು. ಅವುಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನವು 36. ಹೆಚ್ಚು ಸೇದುವವರ ಗುಂಪಿಗೆ ಹೋದಂತೆಲ್ಲ ಆ ಮರಣಗಳ ಪ್ರಮಾಣವೂ ಏರುತ್ತ ಹೋಗುತ್ತಿತ್ತು.

1954ರ ಆ ಮೊದಲ ವರದಿಯೊಂದಿಗೆ ಕೆಲಸ ಮುಗಿಯಿತೆಂದು ಪುಸ್ತಕವನ್ನು ಮುಚ್ಚಿಬಿಡಬಹುದಿತ್ತು. ಮುಚ್ಚಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಅದೇ ವೈದ್ಯರಿಗೆ ಮತ್ತೆ ಕಾಗದ ಹೋಗುತ್ತಿತ್ತು. ಮರಣಗಳನ್ನು ಬರೆದುಕೊಳ್ಳುತ್ತಲೇ ಇದ್ದರು. ಹೀಗೆ ಐವತ್ತು ವರ್ಷ ನಡೆಯಿತು. 1991ರಲ್ಲಿ ಹಿಲ್ ತೀರಿಕೊಂಡರು. 2004ರಲ್ಲಿ ಐವತ್ತು ವರ್ಷಗಳ ವರದಿ ಪ್ರಕಟವಾದಾಗ ಡಾಲ್ ಅವರಿಗೆ 91 ವಯಸ್ಸು. ಮರುವರ್ಷ ಅವರೂ ಹೋದರು. ಮೊದಲು ಕಾಣದಿದ್ದುದು ಆ ದೀರ್ಘಾವಧಿಯಲ್ಲಿ ಕಂಡಿತು: ಕೆಡುವುದು ಶ್ವಾಸಕೋಶ ಮಾತ್ರವಲ್ಲ, ಹೃದಯವೂ ರಕ್ತನಾಳಗಳೂ ಕೆಡುತ್ತವೆ, ಸೇದುತ್ತಲೇ ಹೋದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ. ಇದರೊಡನೆಯೇ ಸಮಾಧಾನದ ಮಾತೂ ಆ ಪುಸ್ತಕದಿಂದಲೇ ಹೊರಬಂದಿತು. ಅರವತ್ತರಲ್ಲಿ ಬಿಟ್ಟವನು ಕಳೆಯಬಹುದಾಗಿದ್ದ ಆಯುಷ್ಯದಲ್ಲಿ ಮೂರು ವರ್ಷಗಳನ್ನೂ, ಐವತ್ತರಲ್ಲಿ ಬಿಟ್ಟವನು ಆರನ್ನೂ, ನಲವತ್ತರಲ್ಲಿ ಬಿಟ್ಟವನು ಒಂಬತ್ತನ್ನೂ ಉಳಿಸಿಕೊಳ್ಳುತ್ತಾನೆ. ಮೂವತ್ತರೊಳಗೆ ಬಿಟ್ಟವನಿಗೆ ಹತ್ತಕ್ಕೆ ಹತ್ತೂ ಸಿಗುತ್ತವೆ. ನಮ್ಮ ಓಣಿಯ ಚುಟ್ಟಾ ಹಿರಿಯರಂಥವರು ಆ ವೈದ್ಯರಲ್ಲಿಯೂ ಇದ್ದರು. ಲೆಕ್ಕದಲ್ಲಿ ಅವರೂ ಸೇರಿದ್ದಾರೆ.

ವಿರೋಧಿಸಿದವರೆಲ್ಲ ಅಲ್ಪರಲ್ಲ. ಅಂಕಿಸಂಖ್ಯಾಶಾಸ್ತ್ರದ ಮಹಾ ಆಚಾರ್ಯರೆನಿಸಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೂ ಹಲವು ಬಾರಿ ಬಂದಿದ್ದ ಆರ್. ಎ. ಫಿಷರ್ ಅವರು, ಸೇದುವ ಚಪಲವೂ ಕ್ಯಾನ್ಸರೂ ಎರಡೂ ಹುಟ್ಟುಗುಣದಿಂದಲೇ ಬಂದಿರಬಹುದಲ್ಲ ಎಂದು ವಾದಿಸಿದರು. ಅವರು ಪೈಪು ಸೇದುವವರಾಗಿದ್ದರು. ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು. ವಾದವನ್ನು ಅದರ ಬಲದಿಂದಲೇ ಅಳೆಯಬೇಕೆಂದು ನನ್ನ ಅಭಿಪ್ರಾಯ. ಬಿಟ್ಟವರ ಆಯುಷ್ಯ ಉಳಿಯುವುದನ್ನು ಆ ವಾದವು ವಿವರಿಸಲಾರದು. ಅಮೆರಿಕದ ಕಂಪನಿಗಳಾದರೋ 1954ರ ಜನವರಿಯಲ್ಲಿ ನೂರಾರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ತಾವೇ ಸಂಶೋಧನೆ ನಡೆಸಿ ಸತ್ಯವನ್ನು ತಿಳಿಸುವುದಾಗಿ ಭರವಸೆ ನೀಡಿದವು. ಅವು ದಶಕಗಳ ಕಾಲ ಜನರನ್ನು ವಂಚಿಸಿದವೆಂದು 2006ರಲ್ಲಿ ಅಲ್ಲಿನ ನ್ಯಾಯಾಲಯವೊಂದು ತೀರ್ಪಿತ್ತಿತು. 1962ರಲ್ಲಿ ಲಂಡನ್ನಿನ ರಾಯಲ್ ವೈದ್ಯ ಮಹಾವಿದ್ಯಾಲಯವೂ 1964ರಲ್ಲಿ ಅಮೆರಿಕದ ಸರ್ಕಾರದ ಮುಖ್ಯ ವೈದ್ಯಾಧಿಕಾರಿಯೂ ಸಿಗರೇಟಿನ ವಿರುದ್ಧ ವರದಿ ಕೊಟ್ಟಾಗ ಆ ಕಡೆಯ ವಿವಾದ ಬಹುಮಟ್ಟಿಗೆ ತೀರಿತು.

ಇಷ್ಟೆಲ್ಲ ಆದರೂ ನಮ್ಮವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಅವರ ವಸ್ತು ಸಿಗರೇಟು, ನಮ್ಮದು ಬೀಡಿ, ಚುಟ್ಟಾ, ಸುಣ್ಣ ತಿಕ್ಕಿದ ತಂಬಾಕು. ಬಿಳಿಯರ ಶ್ವಾಸಕೋಶದ ಲೆಕ್ಕ ನಮ್ಮ ಕೆನ್ನೆಗೆ ಹೇಗೆ ಹೊಂದೀತು? 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದ ಮೇಲೆ ಅಲ್ಲಿನ ಡಾ. ವಿ. ಆರ್. ಖಾನೋಲ್ಕರ್ ಮತ್ತು ಅವರ ಸಂಗಡಿಗರಾದ ಸಂಘ್ವಿ, ರಾವ್ ಅವರು ರೋಗಿಗಳ ಅಭ್ಯಾಸಗಳನ್ನು ವಿಂಗಡಿಸಿ, ಜಗಿಯುವುದಕ್ಕೂ ಸೇದುವುದಕ್ಕೂ ಬಾಯಿ ಗಂಟಲುಗಳ ಕ್ಯಾನ್ಸರಿಗೂ ಇರುವ ನಂಟನ್ನು 1955ರಲ್ಲಿ ತೋರಿಸಿದರು. ಆದರೆ ಅದೂ ಆಸ್ಪತ್ರೆಯ ಬಾಗಿಲಿಗೆ ಬಂದವರ ಲೆಕ್ಕವೇ. ಹಳ್ಳಿಯ ಬಾಗಿಲಿಗೆ ಹೋದವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ದಂತ ಸಂಶೋಧನ ಘಟಕದವರು.

ಡಾ. ಫಲಿ ಮೆಹ್ತಾ ಅವರೂ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಿಂದ ಬಂದ ಪ್ರೊ. ಪಿಂಡ್‌ಬೋರ್ಗ್ ಅವರೂ 1966ರಲ್ಲಿ ಈ ಕಾರ್ಯವನ್ನು ಕೈಗೊಂಡರು. ಕೇರಳದ ಎರ್ನಾಕುಲಂ, ಗುಜರಾತಿನ ಭಾವನಗರ, ಬಿಹಾರದ ದರ್ಭಂಗಾ, ಆಗ ಬಿಹಾರದಲ್ಲಿದ್ದ ಸಿಂಗಭೂಮ್, ಆಂಧ್ರದ ಶ್ರೀಕಾಕುಳ, ಈ ಐದು ಜಿಲ್ಲೆಗಳಲ್ಲಿ ದಂತವೈದ್ಯರು ಮನೆಯಿಂದ ಮನೆಗೆ ನಡೆದು 50,915 ಗ್ರಾಮಸ್ಥರ ಬಾಯಿಗಳನ್ನು ಪರೀಕ್ಷಿಸಿದರು. ಪ್ರತಿಯೊಂದು ಸೀಮೆಯಲ್ಲಿಯೂ ಅಭ್ಯಾಸ ಬೇರೆ, ಅಭ್ಯಾಸಕ್ಕೆ ತಕ್ಕಂತೆ ಬಾಯಿಯೊಳಗಿನ ಗುರುತೂ ಬೇರೆ.

ಶ್ರೀಕಾಕುಳವನ್ನು ಕುರಿತು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. 1956ರ ನವೆಂಬರ್ 1ರಂದು ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಆಂಧ್ರಪ್ರದೇಶವನ್ನು ಸೇರಿದಂದಿನಿಂದ 2014ರವರೆಗೆ ನಾವೂ ಅವರೂ ಒಂದೇ ರಾಜ್ಯದವರು. ಅಲ್ಲಿನ ಕರಾವಳಿಯ ಹಳ್ಳಿಗಳಲ್ಲಿ ಚುಟ್ಟಾವನ್ನು ತಿರುವುಮುರುವಾಗಿ, ಎಂದರೆ ಉರಿಯುವ ತುದಿಯನ್ನು ಬಾಯೊಳಗಿಟ್ಟುಕೊಂಡು, ಸೇದುವ ರೂಢಿಯುಂಟು. ಗಂಡಸರಿಗಿಂತ ಹೆಂಗಸರಲ್ಲಿಯೇ ಹೆಚ್ಚು. ಮಗಳು ತಾಯಿಯಿಂದ ಕಲಿಯುತ್ತಾಳೆ. ಕೇಳಿದವರಿಗೆ ನಂಬುವುದು ಕಷ್ಟ. ಬೆಂಕಿಯ ಕಾವು ನೇರವಾಗಿ ತಾಗುವುದು ಅಂಗುಳಕ್ಕೆ. ಲೋಕದ ಬೇರೆಡೆಗಳಲ್ಲಿ ಅಪೂರ್ವವಾದ ಅಂಗುಳದ ಕ್ಯಾನ್ಸರು ಅಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದುದು ಈ ಕಾರಣದಿಂದ. ವಿಶಾಖಪಟ್ಟಣದ ವೈದ್ಯರು ಇದನ್ನು 1957ರಲ್ಲಿಯೇ ಬರೆದಿದ್ದರು. ಎಡಗೆನ್ನೆಯಲ್ಲಿ ಇಟ್ಟವರಿಗೆ ಎಡಗೆನ್ನೆ, ಅಂಗುಳಕ್ಕೆ ಕಾವು ತಾಗಿಸಿಕೊಂಡವರಿಗೆ ಅಂಗುಳ: ಇಷ್ಟು ಸ್ಪಷ್ಟವಾಗಿ ಕಾರಣವು ತನ್ನ ಸಹಿಯನ್ನು ಹಾಕಿಟ್ಟುಹೋಗುವ ರೋಗಗಳು ಕಡಿಮೆ.

ಎಣಿಕೆ ಮುಗಿದ ಮೇಲೆ ಇವರೂ ಪುಸ್ತಕವನ್ನು ಮುಚ್ಚಲಿಲ್ಲ. ಎರ್ನಾಕುಲಂ, ಭಾವನಗರ, ಶ್ರೀಕಾಕುಳಗಳ ಸುಮಾರು 30,000 ಜನರನ್ನು ಹತ್ತು ವರ್ಷ ಹಿಂಬಾಲಿಸಿದರು. ಮತ್ತೆ ಅದೇ ಮನೆ, ಮತ್ತೆ ಅದೇ ಬಾಯಿ. ಗುಳೆ ಹೋದವರನ್ನು ಕಾದು, ಮದುವೆಯಾಗಿ ಹೋದವರನ್ನು ವಿಚಾರಿಸಿ, ಮಳೆಗಾಲದ ಕೆಸರಿನಲ್ಲಿ ಕನ್ನಡಿ ಹಿಡಿದು ನಡೆದ ಆ ದಂತವೈದ್ಯರ ಪಾಡು, ಶಾಲೆಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಕೇರಿಕೇರಿ ತಿರುಗುವ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ತಿಳಿದುಬಂದುದು ಇದು: ಬಾಯಿಯ ಕ್ಯಾನ್ಸರು ಬಹುಮಟ್ಟಿಗೆ ತಂಬಾಕು ಬಳಸುವವರಲ್ಲಿಯೇ ಹುಟ್ಟಿತು, ಮತ್ತು ಅದು ಹೇಳದೆ ಕೇಳದೆ ಬರುವುದಿಲ್ಲ. ಮೊದಲು ಕೆನ್ನೆಯೊಳಗೆ ನೋವಿಲ್ಲದ ಒಂದು ಬಿಳಿಯ ಕಲೆ, ಇಲ್ಲವೆ ಕೆಂಪು ಕಲೆ ಕಾಣುತ್ತದೆ. ಎಲ್ಲ ಕಲೆಗಳೂ ಕೆಡುವುದಿಲ್ಲ. ಕೆಡುವವು ವರ್ಷಗಟ್ಟಲೆ ಕಾದು ಕೆಡುತ್ತವೆ. ಆ ಕಾಯುವ ಅವಧಿಯೇ ಮನುಷ್ಯನಿಗೆ ದೊರಕಿದ ಅವಕಾಶ.

ಆ ಅವಕಾಶದಲ್ಲಿ ಬೋಧನೆಯಿಂದ ಏನಾದರೂ ಆದೀತೇ ಎಂಬ ಪ್ರಶ್ನೆಯನ್ನು ಮುಂದೆ ಎತ್ತಿಕೊಂಡರು. ಇದೇ ಮೂರು ಜಿಲ್ಲೆಗಳ ತಂಬಾಕು ಬಳಸುವ ಸುಮಾರು 36,000 ಮಂದಿಗೆ ಡಾ. ಪ್ರಕಾಶ ಗುಪ್ತಾ ಮೊದಲಾದವರು ಮುಖಾಮುಖಿಯಾಗಿಯೂ, ಚಿತ್ರ ಚಲನಚಿತ್ರಗಳ ಮೂಲಕವೂ ತಿಳಿಹೇಳಿದರು. ಬಿಟ್ಟವರು ಬಹಳವಲ್ಲ, ಆದರೆ ತಿಳಿಹೇಳದಿದ್ದ ಹಿಂದಿನ ಗುಂಪಿಗಿಂತ ಹೆಚ್ಚು. ಬಿಟ್ಟವರಲ್ಲಿ ಹೊಸ ಕಲೆಗಳು ಏಳುವುದು ಕಡಿಮೆಯಾಯಿತು. ಇದು 1986ರಲ್ಲಿ ಪ್ರಕಟವಾಯಿತು. ನಮ್ಮ ಕರ್ನಾಟಕದ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ನೆರವಿನಿಂದ ಇಂತಹುದೇ ಬೋಧನೆಯನ್ನು ನಡೆಸಿ, ಬೋಧನೆ ನಡೆಯದ ಹಳ್ಳಿಗಳೊಡನೆ ಹೋಲಿಸಿ ನೋಡಿದರು. 1995ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ಬಿಟ್ಟರೆಂಬುದನ್ನು ಓದಿ ನನಗೆ ಸಂತೋಷವಾಯಿತು.

ಬೀಡಿ ಸಿಗರೇಟಿನಷ್ಟು ಕೆಟ್ಟದ್ದಲ್ಲ, ಎಲೆಯಲ್ಲಿ ಸುತ್ತಿದ್ದು, ಎಂಬ ನಂಬಿಕೆಯೊಂದು ನಮ್ಮಲ್ಲಿ ಬಲವಾಗಿತ್ತು. ಅದನ್ನು ಪರೀಕ್ಷಿಸಿದುದು ಮುಂಬಯಿಯಲ್ಲಿ. ಮತದಾರರ ಪಟ್ಟಿಯನ್ನು ಹಿಡಿದು 35 ವರ್ಷ ಮೀರಿದ ಸುಮಾರು 1,48,000 ಜನರ ಹೆಸರುಗಳನ್ನು 1991ರಿಂದ ಬರೆದುಕೊಂಡರು. ಮತದಾರರ ಪಟ್ಟಿಯೊಡನೆ ಬಿಸಿಲಿನಲ್ಲಿ ಮನೆಮನೆ ತಿರುಗುವ ಕೆಲಸ ಶಿಕ್ಷಕರಿಗೆ ಹೊಸದಲ್ಲ. ಆ ಪಟ್ಟಿಯಿಂದ ಇಂತಹ ಉಪಯೋಗವೂ ಆದೀತೆಂದು ನಾನು ಎಣಿಸಿರಲಿಲ್ಲ. ಕೆಲವು ವರ್ಷಗಳ ಮೇಲೆ ಅದೇ ಮನೆಗಳಿಗೆ ಮರಳಿ ಹೋಗಿ ಲೆಕ್ಕ ಹಾಕಿದಾಗ, ತಂಬಾಕು ಮುಟ್ಟದ ಗಂಡಸರಿಗಿಂತ ಸಿಗರೇಟಿನವರ ಮರಣ ಪ್ರಮಾಣ ನೂರಕ್ಕೆ 37ರಷ್ಟೂ, ಬೀಡಿಯವರದು ನೂರಕ್ಕೆ 64ರಷ್ಟೂ ಹೆಚ್ಚಾಗಿತ್ತು. ಇದು 2005ರಲ್ಲಿ ಹೊರಬಂದಿತು. ಅದಕ್ಕೆ ಎರಡು ವರ್ಷ ಮೊದಲೇ ತಮಿಳುನಾಡಿನಲ್ಲಿ ಸಾವಿರಾರು ಮರಣಗಳನ್ನು ವಿಚಾರಿಸಿದವರು, ಸೇದುವ ಗಂಡಸರಲ್ಲಿ ಕ್ಷಯದಿಂದ ಸಾಯುವವರು ಸೇದದವರ ನಾಲ್ಕು ಪಟ್ಟಿಗೂ ಮೇಲೆಂದು ಕಂಡಿದ್ದರು. ಕ್ಷಯವು ಬಡವನ ರೋಗ, ಬೀಡಿಯು ಬಡವನ ಹೊಗೆ. ಎರಡೂ ಒಂದೇ ಗುಡಿಸಲಿನಲ್ಲಿ ಕೂಡಿದಾಗ ಏನಾಗುತ್ತದೆಂಬುದನ್ನು ಪಾಶ್ಚಾತ್ಯರ ಪುಸ್ತಕಗಳು ನಮಗೆ ಹೇಳಿರಲಿಲ್ಲ.

ಕಾನೂನುಗಳ ವಿಷಯ ಸರ್ವವಿದಿತ. 2003ರ ಕಾಯಿದೆಯು ಶಾಲೆಯಿಂದ ನೂರು ಗಜದೊಳಗೆ ತಂಬಾಕಿನ ಮಾರಾಟವನ್ನು ನಿಷೇಧಿಸಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ತಡೆಯುವ ನಿಯಮಗಳು ಬಿಗಿಯಾದವು. 2012-13ರಲ್ಲಿ ಹಲವು ರಾಜ್ಯಗಳು ಗುಟಕಾವನ್ನು ನಿಷೇಧಿಸಿದವು. ಗುಟಕಾ ಹೋಗಿ ಪಾನ್ ಮಸಾಲೆಯ ಚೀಟಿಯೂ ತಂಬಾಕಿನ ಚೀಟಿಯೂ ಬೇರೆಬೇರೆಯಾಗಿ ಬಂದವು; ಕೊಂಡವನು ತಾನೇ ಬೆರೆಸಿಕೊಳ್ಳುತ್ತಾನೆ. ಜಹಾಂಗೀರನ ಆಜ್ಞೆಗಿಂತ ಇವು ಮೇಲಾದವೆಂಬುದರಲ್ಲಿ ಸಂದೇಹವಿಲ್ಲ. ದೇಶದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರಲ್ಲಿ ನೂರಕ್ಕೆ 34.6 ಇದ್ದವರು 2016-17ರ ಹೊತ್ತಿಗೆ 28.6ಕ್ಕೆ ಇಳಿದಿದ್ದರು.

ಇದನ್ನೆಲ್ಲ ಓದತೊಡಗಿದುದಕ್ಕೆ ಕಾರಣ ನನ್ನ ದೊಡ್ಡವ್ವ. ಅಜ್ಜಿಯ ಡಬ್ಬಿಯನ್ನೂ ಅಭ್ಯಾಸವನ್ನೂ ಅವಳು ಬಳುವಳಿಯಾಗಿ ಪಡೆದವಳು. ಕಳೆದ ವರ್ಷ ಜಾತ್ರೆಗೆ ಹೋದಾಗ, ಖಾರ ತಿಂದರೆ ಬಾಯಿ ಉರಿಯುತ್ತದೆಂದಳು. ಬೆಳಕಿಗೆ ಕರೆದು ಬಾಯಿ ತೆರೆಸಿ ನೋಡಿದೆ. ಎಡಗೆನ್ನೆಯೊಳಗೆ, ಅಜ್ಜಿಗೆ ಹುಣ್ಣಾಗಿದ್ದ ತಾವಿನಲ್ಲಿಯೇ, ಉಗುರಿನಷ್ಟಗಲದ ಬಿಳಿಯ ಕಲೆಯಿತ್ತು. ವೈದ್ಯರಲ್ಲಿಗೆ ಕರೆದೊಯ್ದೆ, ಅವರು ಚೂರು ತೆಗೆದು ಪರೀಕ್ಷೆಗೆ ಕಳುಹಿಸಿ, ಸದ್ಯಕ್ಕೆ ಕ್ಯಾನ್ಸರಲ್ಲ, ತಂಬಾಕು ಬಿಡಬೇಕು, ಆರು ತಿಂಗಳಿಗೊಮ್ಮೆ ತೋರಿಸಬೇಕು ಎಂದರು. ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಬಹಳ ಹೊತ್ತು ಸುಮ್ಮನಿದ್ದು, “ಬಿಟ್ಟರ ಹೋಗ್ತದೇನಪ್ಪ ಇದು?” ಎಂದು ಕೇಳಿದಳು. ಎರ್ನಾಕುಲಂ, ಶ್ರೀಕಾಕುಳಗಳ ಹಳ್ಳಿಯವರ ವಿಷಯವನ್ನು ನನಗೆ ತಿಳಿದ ಮಟ್ಟಿಗೆ ಹೇಳಿದೆ: ಕೆಲವರದು ಹೋಯಿತು, ಕೆಲವರದು ಹಾಗೆಯೇ ಉಳಿಯಿತು, ಬಿಟ್ಟವರಲ್ಲಿ ಹೊಸದು ಏಳುವುದು ಕಡಿಮೆಯಾಯಿತು. “ಆ ಹೆಣ್ಮಕ್ಕಳು ಬೆಂಕಿ ಬಾಯಾಗ ಇಟ್ಕೊಂಡು ಸೇದ್ತಿದ್ರಾ?” ಎಂದು ಅವಳು ಅದೊಂದನ್ನೇ ಎರಡು ಸಲ ಕೇಳಿದಳು.

ಮೊದಲು ದಿನಕ್ಕೆ ಎಂಟು ಹತ್ತು ಬಾರಿ ತಿಕ್ಕುತ್ತಿದ್ದವಳು ಈಗ ರಾತ್ರಿ ಊಟವಾದ ಮೇಲೆ ಒಮ್ಮೆ ಎಂದಿದ್ದಾಳೆ. ಸೊಸೆ ಎರಡು ಎನ್ನುತ್ತಾಳೆ. ಡಬ್ಬಿಯು ಗೋಡೆಯ ಮಾಡದಲ್ಲಿ ಇನ್ನೂ ಇದೆ. ಮೊಮ್ಮಕ್ಕಳನ್ನು ಅಂಗಡಿಗೆ ಕಳುಹಿಸುವುದನ್ನು ಮಾತ್ರ ಪೂರ್ತಿಯಾಗಿ ನಿಲ್ಲಿಸಿದ್ದಾಳೆ. ಎರಡನೆಯ ತಪಾಸಣೆಯಲ್ಲಿ ಕಲೆಯು ಹೆಚ್ಚಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಮೂರನೆಯದು ಮಾಘಮಾಸದಲ್ಲಿದೆ.